ಅತ್ತಿಗೆಯ ಕೈ, ನನ್ನ ಉಗುರು

ಭಾನುವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಅತ್ತಿಗೆ ಬರುತ್ತಿದ್ದರು. ಕಿರಿಮಂಜೇಶ್ವರದಲ್ಲಿ ಹತ್ತಿದರೆ ಕುಂದಾಪುರದಲ್ಲಿ ಇಳಿದು, ನಮ್ಮ ಮನೆಯ ಗೇಟಿನ ಚಿಲಕ ತೆಗೆಯುವ ಹೊತ್ತಿಗೆ ರೇಡಿಯೋದಲ್ಲಿ ಮಕ್ಕಳ ಕಾರ್ಯಕ್ರಮ ಮುಗಿದಿರುತ್ತಿತ್ತು. ಕೈಯಲ್ಲಿ ಎರಡೇ ಸಾಮಾನು. ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮೀನು, ಇನ್ನೊಂದರಲ್ಲಿ ಹಳೇ ಕಷಾಯದ ಬಾಟಲಿ ತುಂಬಾ ತೆಂಗಿನೆಣ್ಣೆ. ಮೀನಿನ ತೊಟ್ಟೆ ನನ್ನ ಕೈಗೆ, ಎಣ್ಣೆಯ ಬಾಟಲಿ ನೇರ ಬಚ್ಚಲುಮನೆಗೆ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಇವರ ತಾಯಿ ತೀರಿಹೋದಾಗ ಇವರಿಗೆ ನಾಲ್ಕು ವರ್ಷ, ಅತ್ತಿಗೆಗೆ ಹದಿನೈದು. ಅಪ್ಪ ಮೀನಿನ ವ್ಯಾಪಾರಕ್ಕೆ ಬೆಳಗಾಗುವ ಮೊದಲೇ ಹೊರಟುಬಿಡುತ್ತಿದ್ದರಂತೆ. ತಮ್ಮನಿಗೆ ಉಣ್ಣಿಸಿ, ಮೀಯಿಸಿ, ಶಾಲೆಗೆ ಕಳಿಸಿ ಸಾಕಿದ್ದು ಅತ್ತಿಗೆಯೇ. ೧೯೯೭ರಲ್ಲಿ ನಾನು ಮದುವೆಯಾಗಿ ಬಂದಾಗ ನನಗೆ ಅತ್ತೆ ಇಲ್ಲ ಎಂದು ಬ್ರಹ್ಮಾವರದ ನನ್ನ ಗೆಳತಿಯರು ಖುಷಿಪಟ್ಟಿದ್ದರು. ಅತ್ತೆಗಿಂತ ಹೆಚ್ಚಿನವರೊಬ್ಬರು ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ.

ಬಚ್ಚಲುಮನೆಯಲ್ಲಿ ಹಂಡೆಯ ನೀರು ಕುದಿಯುತ್ತಿದ್ದಂತೆ ಇವರು ಮೈ ಒರೆಸುವ ಒಂದು ಹಳೇ ಬೈರಾಸು ಸುತ್ತಿಕೊಂಡು ಮಣೆಯ ಮೇಲೆ ಕೂರುತ್ತಿದ್ದರು. ಊರಿನವರ ಕೈಗಡಿಯಾರ ರಿಪೇರಿ ಮಾಡುವ, ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ಇರುವ, ಒಂದು ಮಾತಾಡಿದರೆ ಎರಡನೆಯದಕ್ಕೆ ಯೋಚಿಸುವ ಗಂಡಸು ಆ ಮಣೆಯ ಮೇಲೆ ಕೂತ ಕೂಡಲೇ ನಾಲ್ಕು ವರ್ಷದವರಾಗಿಬಿಡುತ್ತಿದ್ದರು.

"ಅಕ್ಕ, ಕುತ್ತಿಗಿ ಹಿಡ್ಕಂಡಿತ್ ಕಾಣ್."

"ಹಿಡ್ಕಣ್ದೆ ಎಂತ ಮಾಡ್ತ್? ಇಡೀ ದಿನ ಕೊಕ್ಕರಿ ಹಾಂಗೆ ಬಗ್ಗಿ ಕೂಕಂತೆ. ತಲಿ ಸಡ್ಲ ಬಿಡ್ ಮಗಾ."

ಅತ್ತಿಗೆಯ ಕೈ ದೊಡ್ಡದು, ಬೆರಳು ಗಿಡ್ಡ. ಉಗುರು ಮಾಂಸದವರೆಗೂ ಕತ್ತರಿಸಿರುತ್ತಿತ್ತು. ಮೀನು ಕೊಯ್ಯುವ ಕೈಗೆ ಉಗುರು ಇರಬಾರದು ಎನ್ನುತ್ತಿದ್ದರು. ಆ ಕೈ ನೆತ್ತಿಗೆ ಎಣ್ಣೆ ತಟ್ಟಿ, ಕಿವಿಯ ಹಿಂದೆ ಇಳಿದು, ಹೆಗಲು ಹಿಚುಕಿ, ಕೊನೆಗೆ ಎಡಗೈ ಗಲ್ಲದ ಕೆಳಗೂ ಬಲಗೈ ತಲೆಯ ಹಿಂದೆಯೂ ಬಂದು ನಿಲ್ಲುತ್ತಿತ್ತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಲಟ್. ಮತ್ತೊಂದು ಪಕ್ಕಕ್ಕೆ ಲಟ್. ನೆಟಿಗೆ ಬಂದ ಕೂಡಲೇ ಇವರು ಬಾಯಿ ತೆರೆದು "ಹಾ..." ಎಂದು ಉಸಿರು ಬಿಡುತ್ತಿದ್ದರು. ಆ ಉಸಿರಿನ ಸದ್ದು ಅಡುಗೆಮನೆಯಲ್ಲಿ ಬಂಗುಡೆ ಮೀನು ತೊಳೆಯುತ್ತಿದ್ದ ನನಗೆ ಕೇಳುತ್ತಿತ್ತು. ನನ್ನ ಅಡುಗೆಗಾಗಲೀ, ನಾನು ಕಸೂತಿ ಹಾಕಿದ ದಿಂಬಿನ ಚೀಲಕ್ಕಾಗಲೀ, ನನಗಾಗಲೀ ಇವರು ಒಮ್ಮೆಯೂ ಹಾಗೆ ಉಸಿರು ಬಿಟ್ಟದ್ದಿಲ್ಲ.

ಮದುವೆಯಾದ ಹೊಸದರಲ್ಲಿ ಒಮ್ಮೆ ಬಾಗಿಲಲ್ಲಿ ನಿಂತು, "ನಾನೂ ಕಲೀಲಾ ಅತ್ತಿಗೆ?" ಎಂದು ಕೇಳಿದ್ದೆ.

ಅತ್ತಿಗೆ ನನ್ನ ಕೈ ಹಿಡಿದು ಮೇಲೆ ಕೆಳಗೆ ಮಾಡಿ ನೋಡಿದರು. "ಕಾನ್ವೆಂಟ್ ಹೆಣ್ಣಿನ ಕೈ ಅಲ್ದಾ, ಹೂಗಿನ್ ಹಾಂಗೆ ಇತ್ತ್. ಇದ್ರಗೆ ನೆಟಿಗಿ ತೆಗುಕ್ ಹೋರೆ ನೆಟಿಗಿ ಬತ್ತಿಲ್ಲೆ ಮಾರಾಯ್ತಿ, ನಿದ್ರಿ ಬತ್ತ್."

ಇವರು ನಕ್ಕರು. ಎಣ್ಣೆ ಇಳಿಯುತ್ತಿದ್ದ ಮುಖ ಎತ್ತಿ, ಅಕ್ಕನ ಮುಖ ನೋಡಿಯೇ ನಕ್ಕರು. ನಾನೂ ನಕ್ಕೆ. ನಗಬೇಕಾದಲ್ಲಿ ನಗುವುದನ್ನು ನಮ್ಮ ಶಾಲೆಯ ಸಿಸ್ಟರ್‌ಗಳು ಚೆನ್ನಾಗಿ ಕಲಿಸಿದ್ದರು. ಒಳಗೆ ಹೋಗಿ, ಅವರು ತಂದ ಮೀನಿಗೆ ಖಾರ ಒಂದು ಚಮಚ ಹೆಚ್ಚೇ ಹಾಕಿದೆ. ಅವರಿಗೆ ಖಾರ ಆಗುತ್ತಿರಲಿಲ್ಲ. ಅತ್ತಿಗೆ ಮೂಗು ಒರೆಸಿಕೊಳ್ಳುತ್ತಾ, "ಲಾಯ್ಕ್ ಆಯ್ತ್ ಸಾರ್" ಎಂದು ಎರಡು ಸಲ ಹಾಕಿಸಿಕೊಂಡು ಉಂಡರು. ನನ್ನ ಹೊಟ್ಟೆಕಿಚ್ಚು ತೀರಲು ಅಷ್ಟು ಅವಕಾಶವನ್ನೂ ಕೊಡುವವರಲ್ಲ ಆ ಹೆಂಗಸು.

ಹಾಗೆ ಆರು ವರ್ಷ ಭಾನುವಾರಗಳು ನಡೆದವು. ನಾನು ಬಾಗಿಲ ಸಂದಿಯಿಂದ ನೋಡಿ ನೋಡಿ ಕೈಯ ಜಾಗಗಳನ್ನೆಲ್ಲ ಕಲಿತಿದ್ದೆ. ಯಾವ ಬೆರಳು ಎಲ್ಲಿ, ಯಾವಾಗ ಉಸಿರು ಹಿಡಿಯುತ್ತಾರೆ, ಎಲ್ಲ. ಕನ್ನಡಿಯ ಎದುರು ನಿಂತು ಖಾಲಿ ಗಾಳಿಯಲ್ಲಿ ಅಭ್ಯಾಸ ಕೂಡ ಮಾಡಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

೨೦೦೩ರ ಮಳೆಗಾಲ ಮುಗಿದ ಒಂದು ಭಾನುವಾರ ಅತ್ತಿಗೆ ಬರಲಿಲ್ಲ. ಅವರ ಮೈದುನನ ಮೊಮ್ಮಗುವಿಗೆ ಕೊಲ್ಲೂರಿನಲ್ಲಿ ಅಕ್ಷರಾಭ್ಯಾಸ. ಎಲ್ಲರೂ ಜೀಪು ಮಾಡಿಕೊಂಡು ಹೋಗಿದ್ದರು. ಇವರು ಬೆಳಿಗ್ಗೆಯಿಂದ ಎರಡು ಸಲ ಗೇಟಿನ ಕಡೆ ನೋಡಿದರು. ಬರುವುದಿಲ್ಲವೆಂದು ಗೊತ್ತಿದ್ದೂ ನೋಡಿದರು. ನಾನು ಹಂಡೆಗೆ ಬೆಂಕಿ ಹಾಕಿದೆ, ಬೈರಾಸು ತಂದಿಟ್ಟೆ, ಮಣೆ ಹಾಕಿದೆ.

"ಬನ್ನಿ. ಇವತ್ತು ನಾನು ಹಾಕುತ್ತೇನೆ."

"ನೀನಾ?" ಎಂದರು. ಆ ಒಂದು ಪದದಲ್ಲಿ ಇದ್ದ ಆಶ್ಚರ್ಯಕ್ಕೆ ನಾನು ಸಿಟ್ಟಾಗಬಾರದಿತ್ತು.

ಎಣ್ಣೆ ತಟ್ಟಿದ್ದು, ಹೆಗಲು ಹಿಚುಕಿದ್ದು ಸರಿಯೇ ಹೋಯಿತು. "ಅಡ್ಡಿಲ್ಲ, ನೀ ಕಲ್ತಿದ್ದೆ" ಎಂದರು. ಆಮೇಲೆ ನಾನು ಎಡಗೈ ಗಲ್ಲದ ಕೆಳಗೆ, ಬಲಗೈ ತಲೆಯ ಹಿಂದೆ ಇಟ್ಟೆ. ಬಲಗಡೆಗೆ ತಿರುಗಿಸಿದೆ. ಏನೂ ಬರಲಿಲ್ಲ. ಎಣ್ಣೆಗೆ ಕೈ ಜಾರಿತು.

"ಸಾಕ್ ಬಿಡ್. ಅದು ಅಕ್ಕನಿಗೇ ಬಪ್ಪುದ್."

ಅಕ್ಕನಿಗೇ! ನಾನು ಮತ್ತೆ ಹಿಡಿದೆ. ಜಾರಬಾರದೆಂದು ಬೆರಳು ಒತ್ತಿ ಹಿಡಿದೆ. ತಿರುಗಿಸಿದ ರಭಸಕ್ಕೆ ನನ್ನ ಬಳೆಗಳೂ ಸದ್ದಾದವು, ಕುತ್ತಿಗೆಯೂ ಸದ್ದಾಯಿತು. ಅತ್ತಿಗೆ ತೆಗೆಯುವ ನೆಟಿಗೆಗಿಂತ ದೊಡ್ಡ ಸದ್ದು. "ಬಂತಲ್ಲ!" ಎಂದು ನಾನು ಕೂಗಿಯೇಬಿಟ್ಟೆ. ಇವರು "ಹಾ..." ಅನ್ನಲಿಲ್ಲ. "ಆಹ್" ಎಂದು ಕಿವಿಯ ಕೆಳಗೆ ಕೈ ಇಟ್ಟುಕೊಂಡರು. ನಾನು ಕೈ ತೊಳೆಯುತ್ತಾ, ಮುಂದಿನ ವಾರ ಅತ್ತಿಗೆಯ ಎದುರು ಇದನ್ನು ಹೇಗೆ ಹೇಳಬೇಕು ಎಂದು ಯೋಚಿಸುತ್ತಿದ್ದೆ.

ಸಂಜೆಗೆ ಎಡ ದವಡೆಯಿಂದ ಕಣ್ಣಿನವರೆಗೆ ನೋವು ಎಂದರು. ನಾನು ಮುಲಾಮು ಹಚ್ಚಿದೆ. ಸೋಮವಾರ ಅಂಗಡಿಗೆ ಹೋದರು. ಮಂಗಳವಾರ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಟವೆಲ್ ಕೊಡಲು ಹೋದವಳು ಕನ್ನಡಿಯಲ್ಲಿ ಇವರ ಮುಖ ನೋಡಿದೆ. ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿತ್ತು. ಕಣ್ಣಿನ ನಡುವಿನ ಕರಿಯ ಬೊಟ್ಟು ಬಲಗಣ್ಣಿನದಕ್ಕಿಂತ ಸಣ್ಣದಾಗಿತ್ತು. ಕೆಲಸ ಮಾಡುವಾಗ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಎಡಗಣ್ಣು ಅರ್ಧ ಮುಚ್ಚುವುದು ಇವರ ರೂಢಿ. "ಮನೆಯಲ್ಲೂ ಅಂಗಡಿಯ ಕಣ್ಣೇ ಇಟ್ಟುಕೊಂಡಿದ್ದೀರಲ್ಲ" ಎಂದು ತಮಾಷೆ ಮಾಡಿ ಬಂದುಬಿಟ್ಟೆ.

ಗುರುವಾರ ಅಂಗಡಿಯಲ್ಲಿ ಇವರ ಬಲಗೈಯಿಂದ ಚಿಮಟ ಬಿತ್ತು. ಎತ್ತಲು ಹೋದರೆ ಬೆರಳು ಮಡಿಚುತ್ತಿಲ್ಲ. ಬಾಯಿ ಒಂದು ಕಡೆ ಎಳೆದಂತಾಗಿ, ಎದುರು ನಿಂತ ಗಿರಾಕಿಗೆ "ನಾಳೆ ಬನ್ನಿ" ಅನ್ನಲೂ ಆಗಲಿಲ್ಲವಂತೆ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಮಧ್ಯಾಹ್ನ ಊಟಕ್ಕೆ ಬಂದಾಗ, "ಕೈಗೆ ಎಂತದೋ ಜೋಮು ಹಿಡ್ದಿತ್ತ್" ಎಂದು ಅದನ್ನೊಂದು ಸಣ್ಣ ಸುದ್ದಿಯಂತೆ ಹೇಳಿದರು.

ಶುಕ್ರವಾರ ಊಟಕ್ಕೆ ಕೂತವರ ಬೆರಳ ಸಂದಿಯಿಂದ ಅನ್ನ ಜಾರಿತು. ತುತ್ತು ಬಾಯಿಯವರೆಗೆ ಹೋಗುತ್ತಿಲ್ಲ. ಬಲಗಾಲು ಮಣೆಯಿಂದ ಹೊರಗೆ ಬಿದ್ದುಕೊಂಡಿತ್ತು, ಬೇರೆ ಯಾರದೋ ಕಾಲಿನಂತೆ. ನಾನು ಓಡಿಹೋಗಿ ಮುಖ ಹಿಡಿದೆ. "ಏನಾಗ್ತಿದೆ? ನನ್ನ ನೋಡಿ, ನನ್ನ ನೋಡಿ."

ಇವರು ನೋಡಿದರು. ನನ್ನ ಮುಖವನ್ನೇ ದಿಟ್ಟಿಸಿ, ತುಂಬಾ ಕಷ್ಟಪಟ್ಟು, "ಅಕ್ಕ" ಎಂದರು. ಮತ್ತೆ, "ಅಕ್ಕ, ಅಕ್ಕ."

ಮೆದುಳಿನ ಎಡಭಾಗಕ್ಕೆ ರಕ್ತ ಕಡಿಮೆಯಾದಾಗ ಒಂದು ಮಾತಿನ ಬದಲು ಇನ್ನೊಂದು ಬರುತ್ತದೆ, ಅದಕ್ಕೆ ಅರ್ಥ ಹುಡುಕಬಾರದು ಎಂದು ಆಮೇಲೆ ಡಾಕ್ಟರು ಹೇಳಿದರು. ನಾನು ಹುಡುಕಿದೆ. ಇವರ ಜೀವ ಹೋಗುತ್ತದೋ ಎಂಬ ಹೆದರಿಕೆಯ ಪಕ್ಕದಲ್ಲೇ, ಕೂದಲೆಳೆಯಷ್ಟು ಜಾಗದಲ್ಲಿ, ಈಗಲೂ ಅವರೇ ಬೇಕಾಯಿತೇ ಎಂಬ ಉರಿಯೂ ಇತ್ತು. ಟ್ಯಾಕ್ಸಿಯಲ್ಲಿ ಬ್ರಹ್ಮಾವರ ದಾಟಿ ದೊಡ್ಡ ಆಸ್ಪತ್ರೆ ಮುಟ್ಟುವವರೆಗೂ ಇತ್ತು. ನಮ್ಮ ಶಾಲೆಯ ಇಗರ್ಜಿಯ ಶಿಲುಬೆ ರಸ್ತೆಗೆ ಕಂಡಾಗ ಕೈ ಮುಗಿದೆ. ಆಗಲೇ ಇವರಿಗೆ ಮಾತು ಮರಳಿತ್ತು. "ಅಕ್ಕನಿಗೆ ಫೋನ್ ಮಾಡಿದ್ಯಾ?" ಎಂದು ಕೇಳಿದರು.

ಶನಿವಾರ ಬೆಳಿಗ್ಗೆ ಅತ್ತಿಗೆ ವಾರ್ಡಿಗೆ ಬಂದರು. ಕೊಲ್ಲೂರಿನ ಪ್ರಸಾದದ ಪೊಟ್ಟಣ ತಂದಿದ್ದರು. ಅಳಲಿಲ್ಲ. ತಮ್ಮನ ಬಲಗೈ ಎತ್ತಿ ತನ್ನ ಕೆನ್ನೆಗೆ ಇಟ್ಟುಕೊಂಡು, "ಕೈ ತಣ್ಣಗಿತ್ತಲ್ಲೆ ಮಗಾ" ಎಂದು ಎರಡೂ ಅಂಗೈಯಲ್ಲಿ ಉಜ್ಜತೊಡಗಿದರು. ಮಂಚದ ಹತ್ತಿರ ಒಂದೇ ಸ್ಟೂಲು. ರಾತ್ರಿಯಿಡೀ ಅದರ ಮೇಲೆ ಕೂತವಳು ನಾನು. ಬೆಳಿಗ್ಗೆ ಎದ್ದು ಜಾಗ ಬಿಟ್ಟವಳೂ ನಾನೇ.

ಡಾಕ್ಟರು ಉತ್ತರ ಭಾರತದ ಕಡೆಯವರು, ವಯಸ್ಸಾದವರು. ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ನನ್ನೊಡನೆ ಮಾತಾಡಿದರು. ನಾನು ಕನ್ನಡದಲ್ಲಿ ಇವರಿಗೂ ಅತ್ತಿಗೆಗೂ ಹೇಳುತ್ತಿದ್ದೆ. ಆ ಕೋಣೆಯಲ್ಲಿ ಅತ್ತಿಗೆಗೆ ಬಾರದ ಒಂದು ಕೆಲಸ ನನಗೆ ಬರುತ್ತಿತ್ತು. ನಿಜ ಹೇಳಬೇಕೆಂದರೆ ನನ್ನ ಬೆನ್ನು ಸ್ವಲ್ಪ ನೆಟ್ಟಗಾಯಿತು.

ಮೆದುಳಿನ ಚಿತ್ರದಲ್ಲಿ ಎಡಗಡೆ ಸಣ್ಣ ಸಣ್ಣ ಕಲೆಗಳಿವೆ, ಎಳ್ಳು ಚೆಲ್ಲಿದಂತೆ, ಎಂದರು. ಸಣ್ಣ ಸಣ್ಣ ಸ್ಟ್ರೋಕುಗಳು. ಬಿಪಿ ಇಲ್ಲ, ಶುಗರ್ ಇಲ್ಲ, ಬೀಡಿ ಸಿಗರೇಟು ಇಲ್ಲ, ಇನ್ನೂ ಮೂವತ್ತೆಂಟು. ಈ ವಯಸ್ಸಿಗೆ ಒಂದು ಪಕ್ಕ ಹೀಗೆ ಬಂದು ಬಂದು ಹೋಗುತ್ತಿದೆ ಎಂದರೆ ಅಪರೂಪದ ಕಾರಣವೇನಾದರೂ ಇರಬೇಕು, ಅದನ್ನು ಹುಡುಕದೆ ಬಿಟ್ಟರೆ ದೊಡ್ಡದು ಬರಬಹುದು ಎಂದರು.

ಟಾರ್ಚು ಹಾಕಿ ಕಣ್ಣು ನೋಡುವಾಗ ನಾನು, "ಎಡಗಣ್ಣು ಮಂಗಳವಾರದಿಂದ ಹೀಗೇ ಇದೆ ಡಾಕ್ಟರ್, ನಡುವಿನ ಬೊಟ್ಟು ಸಣ್ಣದಾಗಿದೆ" ಎಂದೆ.

ಅವರು ಟಾರ್ಚು ಆರಿಸಿ ನನ್ನ ಕಡೆ ತಿರುಗಿದರು. "ಇದನ್ನು ನೀವೇ ಗಮನಿಸಿದಿರಾ? ಚೆನ್ನಾಗಿ ನೋಡಿದ್ದೀರಿ. ಇದು ಮುಖ್ಯ." ಮರುಕ್ಷಣವೇ ಕೇಳಿದರು: ಕಳೆದ ಹತ್ತು ಹದಿನೈದು ದಿನದಲ್ಲಿ ಕುತ್ತಿಗೆಗೆ ಏನಾದರೂ ಆಗಿತ್ತೇ? ಬಿದ್ದದ್ದು, ವಾಹನದಲ್ಲಿ ಎಳೆತ, ಕ್ಷೌರದಂಗಡಿಯಲ್ಲಿ ಯಾರಾದರೂ ಕುತ್ತಿಗೆ ತಿರುಗಿಸಿದ್ದು?

ನಾನು ಇವರ ಕಡೆ ನೋಡಿದೆ. ಇವರು ಕಣ್ಣು ಮುಚ್ಚಿ ಮಲಗಿದ್ದರು. ಅತ್ತಿಗೆ ಕೈ ಉಜ್ಜುವುದನ್ನು ನಿಲ್ಲಿಸದೆ, "ಎಂತ ಕೇಣ್ತಿದ್ರ್ ಡಾಕ್ಟ್ರ್?" ಎಂದರು.

"ಎಲ್ಲಾದರೂ ಬಿದ್ದಿದ್ದಾರಾ, ಬಸ್ಸಿಗೆ ಗಿಸ್ಸಿಗೆ ತಾಗಿದೆಯಾ ಅಂತ ಕೇಳ್ತಿದ್ದಾರೆ."

"ಇಲ್ಲೆ, ಇಲ್ಲೆ. ಅವ ಬೀಳುವನಲ್ಲ."

ನಾನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ: ಇಲ್ಲ, ಹಾಗೇನೂ ಆಗಿಲ್ಲ.

ಯಾರೂ ಇಲ್ಲದಾಗ ಕೇಳಿದ್ದರೆ ಹೇಳುತ್ತಿದ್ದೆನೇನೋ. ಬೈಗುಳದ ಹೆದರಿಕೆ ನನಗಿರಲಿಲ್ಲ. ಆರು ವರ್ಷ ವಾರವಾರವೂ ತೆಗೆದ ಕೈಯಿಂದ ಏನೂ ಆಗಲಿಲ್ಲ, ಒಂದೇ ಸಲ ತೆಗೆದ ನನ್ನ ಕೈಯಿಂದ ಹೀಗಾಯಿತು ಎಂದು, ಆ ಹೆಂಗಸಿನ ಎದುರು, ಅವರು ಆ ಸ್ಟೂಲಿನ ಮೇಲೆ ಕೂತಿರುವಾಗ, ನನ್ನ ಬಾಯಿಯಿಂದಲೇ ಹೇಳಬೇಕಲ್ಲ! ಅದು ಆಗಲಿಲ್ಲ. ಹಾಗಾದರೆ ಮೊದಲು ಹೃದಯ ನೋಡೋಣ, ಕುತ್ತಿಗೆಯ ನಾಳದ ಪರೀಕ್ಷೆ ಸೋಮವಾರ ಮಾಡೋಣ ಎಂದು ಡಾಕ್ಟರು ಬರೆದರು.

ಭಾನುವಾರ ಬೆಳಿಗ್ಗೆ, ಮನೆಯಲ್ಲಾಗಿದ್ದರೆ ಹಂಡೆ ಕುದಿಯುವ ಹೊತ್ತಿಗೆ, ಮೂರನೆಯ ಸಲ ಬಂತು. ಈ ಸಲ ಹತ್ತು ನಿಮಿಷಕ್ಕೆ ಹೋಗಲಿಲ್ಲ. ಅರ್ಧ ಗಂಟೆಗೂ ಹೋಗಲಿಲ್ಲ. ಬಲಗೈ ಹಾಸಿಗೆಯ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ನರ್ಸುಗಳು ಓಡಿಬಂದರು. ಅವರಲ್ಲೊಬ್ಬಳು ನಮ್ಮ ಕಡೆಯವಳು, ಬೈಂದೂರಿನ ಹುಡುಗಿ. ಅತ್ತಿಗೆ ಅವಳ ಸೆರಗಿಲ್ಲದ ಯೂನಿಫಾರ್ಮಿನ ತೋಳು ಹಿಡಿದರು.

"ಹ್ವಾಯ್ ತಂಗೀ, ಇಲ್ ಕೇಣ್. ಡಾಕ್ಟ್ರಿಗ್ ಒಂದ್ ಮಾತ್ ಹೇಳ್. ನಾನ್ ಇವ್ನ ಕುತ್ತಿಗಿ ನೆಟಿಗಿ ತೆಗಿತಿದ್ದೆ. ಪ್ರತೀ ಆಯ್ತಾರ. ಕುತ್ತಿಗಿ ತಿರ್ಪಿ ಲಟ್ಟ ಅನ್ಸುದ್. ಅದ್ರಿಂದ ಎಂತಾರೂ ಆಯ್ತಾ ಕೇಣ್."

"ಕೊನೇದಾಗಿ ಯಾವಾಗ ತೆಗ್ದದ್ ದೊಡ್ಡಮ್ಮ?"

"ಹೋದ್ ಆಯ್ತಾರ."

ನಾನು ಮಂಚದ ಇನ್ನೊಂದು ಪಕ್ಕದಲ್ಲಿದ್ದೆ. ಹೋದ ಭಾನುವಾರ ಅವರು ಕೊಲ್ಲೂರಿನಲ್ಲಿದ್ದರು. ಗಾಬರಿಯಲ್ಲಿ ಮರೆತಿದ್ದಾರೆ ಎಂದುಕೊಂಡೆ. ಸರಿಪಡಿಸಲು ಬಾಯಿ ತೆರೆದೆ, ಮುಚ್ಚಿದೆ.

ಅದೇ ದಿನ ಕುತ್ತಿಗೆಯ ನಾಳದ ಪರೀಕ್ಷೆಯಾಯಿತು. ಡಾಕ್ಟರು ಒಂದು ಕಾಗದದ ಮೇಲೆ ನನಗೆ ಚಿತ್ರ ಬರೆದು ತೋರಿಸಿದರು. ಕುತ್ತಿಗೆಯ ಎಡಗಡೆ ಮೆದುಳಿಗೆ ಹೋಗುವ ದೊಡ್ಡ ರಕ್ತನಾಳ. ಅದರ ಒಳಪದರ ಸೀಳಿದೆ, ಅಂಗಿಯ ಒಳಗಿನ ಅಸ್ತರು ಹರಿದಂತೆ. ಸೀಳಿನಲ್ಲಿ ರಕ್ತ ಸೇರಿ ದಾರಿ ಸಣ್ಣದಾಗಿದೆ. ಅಲ್ಲಿ ಹೆಪ್ಪುಗಟ್ಟಿದ ಚೂರುಗಳು ಒಂದೊಂದಾಗಿ ಮೇಲೆ ಹೋಗಿ ಬಲಗೈ ಬಲಗಾಲನ್ನು ಆಡಿಸುವ ಜಾಗಕ್ಕೆ ಸಿಕ್ಕಿಕೊಳ್ಳುತ್ತಿವೆ. ಆ ನಾಳವನ್ನು ಸುತ್ತಿಕೊಂಡೇ ಕಣ್ಣಿನ ಒಂದು ನರ ಹೋಗುತ್ತದೆ, ರೆಪ್ಪೆ ಇಳಿದದ್ದು ಅದಕ್ಕೆ. ಕೆಲವರಿಗೆ ಜೋರಾಗಿ ಕೆಮ್ಮಿದರೂ ಹೀಗಾಗುತ್ತದೆ, ಕೆಲವರಿಗೆ ಎಷ್ಟು ತಿರುಗಿಸಿದರೂ ಆಗುವುದಿಲ್ಲ. ಇನ್ನು ಮುಂದೆ ಯಾರೂ ಆ ಕುತ್ತಿಗೆ ಮುಟ್ಟಬಾರದು ಎಂದರು. ರಕ್ತ ತೆಳುವಾಗುವ ಇಂಜೆಕ್ಷನ್ ಶುರುವಾಯಿತು, ಆಮೇಲೆ ಮಾತ್ರೆ. ನಾಲ್ಕನೆಯ ಸಲ ಬರಲಿಲ್ಲ.

ಕಾಲು ಪೂರ್ತಿ ಸರಿಹೋಯಿತು. ಮಾತು ಸರಿಹೋಯಿತು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಒಂದು ಗಳಿಗೆ ತಡವಾಗಿ ಕೇಳುತ್ತವೆ. ಅಂಗಿಯ ಗುಂಡಿ ಹಾಕಲು ಸಾಕು. ಕೈಗಡಿಯಾರದ ಒಳಗಿನ ಕೂದಲಿನಂಥ ಸ್ಪ್ರಿಂಗ್ ಹಿಡಿಯಲು ಸಾಲದು. ಶನಿವಾರವೇ ಗೊತ್ತಾಗಿದ್ದರೆ ಆ ಬೆರಳು ಉಳಿಯುತ್ತಿತ್ತೋ ಏನೋ. ಅದನ್ನು ಕೇಳಲು ಡಾಕ್ಟರ ಬಳಿ ಮೂರು ಸಲ ಹೋದೆ, ಮೂರು ಸಲವೂ ಮಾತ್ರೆಯ ಸಮಯ ಕೇಳಿ ಬಂದೆ. ಇವರು ಕೈಗಡಿಯಾರ ಬಿಟ್ಟು ಗೋಡೆಗಡಿಯಾರ ಇಟ್ಟುಕೊಂಡರು. ಅದರ ಚಕ್ರಗಳು ದೊಡ್ಡವು.

ಅತ್ತಿಗೆ ಭಾನುವಾರ ಬರುವುದನ್ನು ನಿಲ್ಲಿಸಿದರು. ಹಬ್ಬಕ್ಕೆ, ಶ್ರಾದ್ಧಕ್ಕೆ ಬರುತ್ತಿದ್ದರು. ಬಂದರೆ ತಮ್ಮನಿಂದ ಎರಡು ಮಾರು ದೂರ ಕೂರುತ್ತಿದ್ದರು. ಕೈ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು, ಮುಟ್ಟಬಾರದ ಸಾಮಾನಿನ ಅಂಗಡಿಗೆ ಬಂದವರಂತೆ. ನೆಂಟರೆಲ್ಲ ಅವರಿಗೆ ಕೇಳುವ ಹಾಗೆಯೇ ಆಡಿಕೊಂಡರು. "ತಮ್ಮ ತಮ್ಮ ಅಂತೆಳಿ ಕುತ್ತಿಗಿ ತಿರ್ಪಿ ಇಟ್ಟಳ್ ಅಂಬ್ರ್" ಎಂದು ನಮ್ಮದೇ ಜಗಲಿಯಲ್ಲಿ ಒಬ್ಬಾಕೆ ಹೇಳಿದಳು. ಅತ್ತಿಗೆ ಎಲೆಗೆ ಸುಣ್ಣ ಹಚ್ಚುತ್ತಾ ಇದ್ದರು. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಭಾನುವಾರ ನನ್ನದಾಯಿತು. ಹಂಡೆ ನನ್ನದು, ಎಣ್ಣೆ ನನ್ನದು. ತಲೆಗೆ ಮಾತ್ರ, ಮೆತ್ತಗೆ. ಇವರು ಬಾಯಿ ಮುಚ್ಚಿಕೊಂಡು, ಕ್ಷೌರಕ್ಕೆ ಕೂತವರಂತೆ ಕೂರುತ್ತಿದ್ದರು. ಮುಗಿದ ಮೇಲೆ, "ಆಯ್ತಾ?" ಎನ್ನುತ್ತಿದ್ದರು. ಒಂಬತ್ತೂವರೆಗೆ ರಸ್ತೆಯಲ್ಲಿ ಬಸ್ಸು ನಿಂತ ಸದ್ದಾದರೆ ಇವರ ಕಿವಿ ಅತ್ತ ಹೋಗುವುದು ನನ್ನ ಬೆರಳ ತುದಿಗೆ ತಿಳಿಯುತ್ತಿತ್ತು. ಬಾರದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಂದವರ ಮೇಲೆ ಪಡುವುದಕ್ಕಿಂತ ಕಷ್ಟ. ಮೀನಿನ ಸಾರಿಗೆ ಹೆಚ್ಚು ಖಾರ ಹಾಕೋಣವೆಂದರೆ ಉಣ್ಣುವವರೇ ಇಲ್ಲ.

ಶಾಲೆಯಲ್ಲಿ ನನ್ನ ಕ್ರಿಶ್ಚಿಯನ್ ಗೆಳತಿಯರು ಶನಿವಾರ ಸಂಜೆ ಇಗರ್ಜಿಯಲ್ಲಿ ಪಾಪನಿವೇದನೆಗೆ ಹೋಗುತ್ತಿದ್ದರು. ನಾವು ನಾಲ್ಕಾರು ಹಿಂದೂ ಹುಡುಗಿಯರು ಹೊರಗೆ ಕಲ್ಲುಬೆಂಚಿನ ಮೇಲೆ ಕಾಯುತ್ತಿದ್ದೆವು. ಒಳಗೆ ಹೋಗುವಾಗ ಮುಖ ಸಣ್ಣ ಮಾಡಿಕೊಂಡಿದ್ದವಳು ಐದು ನಿಮಿಷಕ್ಕೆ ಕುಣಿಯುತ್ತಾ ಬರುತ್ತಿದ್ದಳು. ಹೇಳಿ ಮುಗಿಸಿ ಬರಲು ಅವರಿಗೊಂದು ಜಾಗವಿದೆಯಲ್ಲ ಎಂದು ನನಗೆ ಆಗಲೇ ಅವರ ಮೇಲೆ ಅಸೂಯೆಯಾಗುತ್ತಿತ್ತು. ಇಷ್ಟು ವರ್ಷದ ಮೇಲೆ ಮತ್ತೆ ಅದೇ ಬೆಂಚು ನೆನಪಾಗತೊಡಗಿತು.

೨೦೦೯ರಲ್ಲಿ ಅತ್ತಿಗೆಗೆ ಮಂಡಿನೋವು ಹೆಚ್ಚಾಗಿ, ಕುಂದಾಪುರದಲ್ಲಿ ತೋರಿಸಲೆಂದು ನಾಲ್ಕು ದಿನ ನಮ್ಮಲ್ಲಿ ಉಳಿದರು. ನಡುವೆ ಬಂದ ಭಾನುವಾರ, ಇವರು ಮೀನು ತರಲು ಹೋದಾಗ, ಹಿತ್ತಿಲ ಮೆಟ್ಟಿಲಲ್ಲಿ ಅವರ ಹತ್ತಿರ ಕೂತೆ. ಅವರು ತೆಂಗಿನ ಗರಿಯಿಂದ ಕಡ್ಡಿ ಬಿಡಿಸುತ್ತಿದ್ದರು.

"ಅತ್ತಿಗೆ, ಆ ಭಾನುವಾರ ನೀವು ಕೊಲ್ಲೂರಿನಲ್ಲಿದ್ದಿರಿ. ನೆಟಿಗೆ ತೆಗೆದದ್ದು ನಾನು."

ಅವರು ಕಡ್ಡಿ ಬಿಡಿಸುವುದು ನಿಲ್ಲಲಿಲ್ಲ. "ಗೊತ್ತಿತ್."

"ಯಾವಾಗಿಂದ?"

"ಆಸ್ಪತ್ರಿಗ್ ಬಂದ್ ದಿನವೇ ಕಂಡಿದ್ದೆ. ದವಡಿ ಕೆಳ್ಗೆ ಉಗುರಿನ್ ಗಾಯದ್ ಗುರ್ತ್ ಇದ್ದಿತ್, ಸಣ್ಣ, ಚಂದ್ರನ ಹಾಂಗೆ." ನನ್ನ ಕಡೆ ತಿರುಗಿ ತಮ್ಮ ಎರಡೂ ಕೈ ಎತ್ತಿ ತೋರಿಸಿದರು. "ನಂಗೆ ಉಗುರ್ ಎಲ್ಲಿತ್ ಮಾರಾಯ್ತಿ?"

ಎಡಗಣ್ಣಿನ ಬೊಟ್ಟು ಸಣ್ಣದಾದದ್ದನ್ನು ಕಂಡ ನಾನು ನನ್ನ ಉಗುರಿನ ಗುರುತನ್ನೇ ಕಂಡಿರಲಿಲ್ಲ.

"ಮತ್ತೆ ತೆಗೆದದ್ದು ನೀವೇ ಅಂತ ಯಾಕೆ ಹೇಳಿದಿರಿ?"

"ಯಾರಾರೂ ಹೇಳುಕಿತ್ತಲೆ? ಕೈ ಬೀಳ್ತಾ ಇತ್ತ್ ಅವಂದ್. ನೀ ಬಾಯಿ ಬಿಡ್ಲಿಲ್ಲೆ. ಅವ ಮುಂಚಿನ್ ದಿನವೇ ನನ್ ಕೈ ಹಿಡ್ದ್ ಹೇಳಿದ್ದ, 'ಅಕ್ಕ, ಅವ್ಳಿಗೆ ಗೊತ್ತಿಲ್ದೆ ಆದ್ದ್, ಅವ್ಳ ಹತ್ರ ಎಂತದೂ ಕೇಣ್ಬೇಡ' ಅಂತೆಳಿ. ನಾ ಮಾತ್ ಕೊಟ್ಟಿದ್ದೆ."

ನನ್ನ ಮೇಲೆ ಅವರಿಬ್ಬರೂ ತೋರಿದ ಕರುಣೆಗೆ ನಾನು ಅಳಬೇಕಿತ್ತು. ಮೊದಲು ಬಂದದ್ದು ಅದಲ್ಲ. ಆ ಶನಿವಾರ ನಾನು ಚಹಾ ತರಲು ಕ್ಯಾಂಟೀನಿಗೆ ಹೋಗಿದ್ದ ಹತ್ತು ನಿಮಿಷದಲ್ಲಿ, ಮಲಗಿದಲ್ಲಿಂದಲೇ, ಇವರು ಅಕ್ಕನಿಗೆ ಹೇಳಿದ್ದಾರೆ. ನನಗೆ ಹೇಳಲಿಲ್ಲ. ಆರು ವರ್ಷ ಇಬ್ಬರೂ ಅದನ್ನು ತಮ್ಮ ನಡುವೆ ಇಟ್ಟುಕೊಂಡು, ನಾನು ಎಣ್ಣೆ ಹಾಕುವಾಗ ಇವರು, ನೆಂಟರು ಆಡಿಕೊಳ್ಳುವಾಗ ಅವರು, ಸುಮ್ಮನಿದ್ದಾರೆ. ಅಲ್ಲೂ ನಾನು ಬಾಗಿಲ ಹೊರಗೇ.

"ನಂಗೆ ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚು ಅತ್ತಿಗೆ. ಮದುವೆಯಾದಾಗಿನಿಂದ," ಎಂದೆ. ಅಷ್ಟು ಹೇಳಬೇಕೆಂದು ಬಂದಿರಲಿಲ್ಲ. ಬಂದುಬಿಟ್ಟಿತು, ಜೊತೆಗೆ ಅಳುವೂ.

"ಅದೂ ಗೊತ್ತಿತ್. ನಿನ್ ಸಾರಿನಗೇ ಗೊತ್ತಾತ್ತಿತ್." ಅವರು ಕಡ್ಡಿಗಳನ್ನು ಬದಿಗೆ ಸರಿಸಿದರು. "ಅಳ್ಬೇಡ. ಅಲ್ ಗೂಡಿನಗೆ ಎಣ್ಣಿ ಬಾಟ್ಲಿ ಇತ್ತಾ? ತಕಂಬಾ."

ತಂದೆ. ಇವರಿಗೆ ಹಾಕಲು ಎಂದುಕೊಂಡೆ. ಅತ್ತಿಗೆ ನನ್ನ ಹೆಗಲು ಒತ್ತಿ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದರು. ನನ್ನ ಜಡೆ ಬಿಚ್ಚಿದರು. ನೆತ್ತಿಯ ಮೇಲೆ ಆ ದೊಡ್ಡ ಅಂಗೈ ಬಂದು ಕೂತಾಗ, ಎಣ್ಣೆ ತಣ್ಣಗೆ ಕಿವಿಯ ಹಿಂದೆ ಇಳಿದಾಗ, ನನ್ನ ಬಾಯಿಂದಲೂ ಒಂದು "ಹಾ..." ಹೊರಟಿತು. ನನಗೆ ಗೊತ್ತಿಲ್ಲದೆಯೇ.

"ಕುತ್ತಿಗಿ ಮುಟ್ತಿಲ್ಲೆ, ಹೆದ್ರಬೇಡ," ಎಂದರು ಅತ್ತಿಗೆ.

ಗೇಟಿನ ಚಿಲಕದ ಸದ್ದಾಯಿತು. ಇವರು ಮೀನಿನ ತೊಟ್ಟೆ ಎಡಗೈಯಲ್ಲಿ ಹಿಡಿದು ಹಿತ್ತಿಲ ಬಾಗಿಲಿಗೆ ಬಂದವರು ಅಲ್ಲೇ ನಿಂತರು. ಅಕ್ಕನ ಕೈ ನೋಡಿದರು, ನನ್ನ ತಲೆ ನೋಡಿದರು. ಎಡಗಣ್ಣಿನ ರೆಪ್ಪೆ ಇವತ್ತಿಗೂ ಒಂದಿಷ್ಟು ಇಳಿದೇ ಇದೆ. ಆ ಕಣ್ಣಿನಲ್ಲೂ, ಸರಿಯಿದ್ದ ಇನ್ನೊಂದು ಕಣ್ಣಿನಲ್ಲೂ, ಒಂದು ನೋಟವಿತ್ತು. ಆರು ವರ್ಷ ಬಚ್ಚಲುಮನೆಯ ಬಾಗಿಲ ಸಂದಿಯಲ್ಲಿ ನಿಂತು ನಾನು ನೋಡಿದ ನೋಟ. ಬೇರೆ ಯಾರಿಗೂ ತಿಳಿಯದಿದ್ದರೂ ನನಗೆ ತಿಳಿಯಿತು.

"ನಿಮ್ದ್ ಮುಗುಕೆ ಇನ್ನೆಷ್ಟ್ ಹೊತ್ತಿತ್?" ಎಂದರು.

"ಸುಮಾರ್ ಹೊತ್ತಿತ್," ಎಂದರು ಅತ್ತಿಗೆ. "ನೀ ಮೀನ್ ತೊಳಿ, ಹೋಗ್."